ತಮ್ಮನ ಎಲ್‌ಎಫ್‌ಟಿ (ಲಿವರ್ ಟೆಸ್ಟ್) ರಿಪೋರ್ಟ್ ಏರುಪೇರು: ಮನಸ್ಸಿನ ಕಾಯಿಲೆಗೂ ಲಿವರ್‌ಗೂ ಸಂಬಂಧ ಇದೆಯಾ?

ಕಾವ್ಯ_ತುಮಕೂರು
ಎಲ್ಲರಿಗೂ ನಮಸ್ಕಾರ. ಪೋಸ್ಟ್ ಸ್ವಲ್ಪ ಉದ್ದ, ಸಹಿಸಿಕೊಳ್ಳಿ.

ನನ್ನ ತಮ್ಮನಿಗೆ 22 ವರ್ಷ. ಕಳೆದ ವರ್ಷದ ಕೊನೆಗೆ ಯಾರೂ ಇಲ್ಲದಾಗಲೂ ಅವನಿಗೆ ಮಾತು ಕೇಳಿಸೋಕೆ ಶುರುವಾಯಿತು. ಪಕ್ಕದ ಮನೆಯವರು ತನ್ನ ಫೋನ್ ಕದ್ದು ಕೇಳ್ತಾರೆ ಅಂತ ಸಿಮ್ ತೆಗೆದು ಅಕ್ಕಿ ಡಬ್ಬದೊಳಗೆ ಬಚ್ಚಿಟ್ಟಿದ್ದ. ಅನ್ನಕ್ಕೆ ಏನೋ ಬೆರೆಸಿದ್ದಾರೆ ಅಂತ ಊಟವನ್ನೇ ಬಿಟ್ಟ. ಡಾಕ್ಟರ್ ಸೈಕೋಸಿಸ್ ಅಂದರು, ಅಡ್ಮಿಟ್ ಮಾಡಿಕೊಂಡು ಒಲಾನ್ಜಪಿನ್ ಅನ್ನೋ ಮಾತ್ರೆ ಶುರು ಮಾಡಿದರು. ಈಗ ರಾತ್ರಿ 15 ಎಂಜಿ. ಮಾತು ಕೇಳಿಸುವುದು ಹೆಚ್ಚುಕಡಿಮೆ ನಿಂತಿದೆ, ನಮ್ಮ ಜೊತೆ ಕೂತು ಊಟ ಮಾಡ್ತಾನೆ.

ಮೊನ್ನೆ ರೊಟೀನ್ ರಕ್ತ ಪರೀಕ್ಷೆಯಲ್ಲಿ ಹೀಗೆ ಬಂತು: ಬಿಲಿರುಬಿನ್ (ಕಾಮಾಲೆಯಲ್ಲಿ ಏರುವ ಹಳದಿ ವಸ್ತು) 1.6, ಲಿವರ್ ಎಂಜೈಮ್‌ಗಳಾದ ಎಸ್‌ಜಿಪಿಟಿ 118, ಎಸ್‌ಜಿಒಟಿ 64. ಎಲ್ಲವೂ ಮಿತಿಗಿಂತ ಜಾಸ್ತಿ. ಡಾಕ್ಟರ್ ಮುಂದಿನ ವಾರ ಸಿಗ್ತಾರೆ. ಅಷ್ಟರಲ್ಲಿ ನಮ್ಮ ದೊಡ್ಡಮಾವ ಒಂದು ವಾಟ್ಸಾಪ್ ಮೆಸೇಜ್ ಹಿಡಿದುಕೊಂಡು ಬಂದಿದ್ದಾರೆ: "ತಲೆ ಕೆಡೋದಕ್ಕೆ ಲಿವರ್ ಕಾರಣ, ವಿಜ್ಞಾನಿಗಳು ಕಂಡುಹಿಡಿದಿದ್ದಾರೆ." ಮಾತ್ರೆ ನಿಲ್ಲಿಸಿ ಮೊದಲು ಲಿವರ್ ಸರಿ ಮಾಡಿ ಅಂತಾರೆ. ಅಮ್ಮ ಅರ್ಧ ಒಪ್ಪಿಬಿಟ್ಟಿದ್ದಾರೆ. ಈ ಮಾತಿನಲ್ಲಿ ಏನಾದರೂ ಹುರುಳಿದೆಯಾ?

ಅಜ್ಜಂಪುರದವ
ಮಾತ್ರೆ ಮಾತ್ರ ನಿಲ್ಲಿಸಬೇಡಿ. ಮಿಕ್ಕಿದ್ದನ್ನು ತಿಳಿದವರು ಹೇಳ್ತಾರೆ.

ಫಾರ್ಮಸಿ_ಕೌಂಟರ್
ಮೇಲಿನವರ ಮಾತಿಗೆ ನನ್ನದೂ ಒಂದು. ಒಲಾನ್ಜಪಿನ್ ತಗೊಳ್ಳುವವರಲ್ಲಿ ಎಸ್‌ಜಿಪಿಟಿ ಏರುವುದು ಗೊತ್ತಿರುವ ವಿಷಯ. ಮೊದಲ ಕೆಲವು ತಿಂಗಳಲ್ಲಿ ಏರುತ್ತದೆ, ಬಹಳ ಜನರಲ್ಲಿ ಮಾತ್ರೆ ಮುಂದುವರಿಸಿದರೂ ತಾನಾಗಿ ಇಳಿಯುತ್ತದೆ. ಸಾಮಾನ್ಯ ಮಿತಿಯ ಮೂರು ಪಟ್ಟು ದಾಟಿದರೆ ಡಾಕ್ಟರುಗಳು ಕಿವಿ ನೆಟ್ಟಗೆ ಮಾಡ್ತಾರೆ. ಅದರ ಜೊತೆಗೆ ಬಿಲಿರುಬಿನ್ ಕೂಡ ಎರಡು ಪಟ್ಟು ಏರಿದರೆ ನಿಜಕ್ಕೂ ಗಂಭೀರ. ನಿಮ್ಮ ತಮ್ಮನದು ಹತ್ತಿರ ಇದೆ, ದಾಟಿಲ್ಲ. ಕಣ್ಣು ಹಳದಿ, ವಾಂತಿ, ಮೈ ತುರಿಕೆ, ಮೂತ್ರ ಗಾಢ ಬಣ್ಣ, ಇವುಗಳಲ್ಲಿ ಏನಾದರೂ ಕಂಡರೆ ಮುಂದಿನ ವಾರದವರೆಗೆ ಕಾಯಬೇಡಿ.

ಹಳೇ ಕಾಲದ ಕ್ಲೋರ್‌ಪ್ರೊಮಜಿನ್ ಇದಕ್ಕಿಂತ ಕುಖ್ಯಾತ. 1950ರ ದಶಕದಲ್ಲಿ ಅದು ಬಂದ ಹೊಸತರಲ್ಲೇ ಕೆಲವರಿಗೆ ಪಿತ್ತರಸ ಕಟ್ಟಿಕೊಂಡು ಕಾಮಾಲೆ ಆಗುತ್ತಿತ್ತು. ಹಾಗಾಗಿ ಮನೋರೋಗದ ಮಾತ್ರೆ ಮತ್ತು ಲಿವರ್ ಟೆಸ್ಟು ಅವತ್ತಿನಿಂದಲೂ ಜೋಡಿ.

ಸ್ಯಾಂಪಲ್_ಟ್ಯೂಬ್
ಹಾಸನ ಕಡೆ ಲ್ಯಾಬ್‌ನಲ್ಲಿ ಕೆಲಸ ಮಾಡ್ತೀನಿ. ಕಾವ್ಯ ಅವರೇ, ಎರಡು ವಿಷಯ ಬೇಕು. ಬಿಲಿರುಬಿನ್ ಟೋಟಲ್ ಮಾತ್ರ ಬರೆದಿದ್ದೀರಿ, ಡೈರೆಕ್ಟ್ (ಹೊರಹಾಕಲು ಲಿವರ್ ತಯಾರು ಮಾಡಿದ ಭಾಗ) ಎಷ್ಟು? ಮತ್ತೆ ಅಡ್ಮಿಟ್ ಆದ ದಿನ, ಅಂದರೆ ಮಾತ್ರೆ ಶುರುವಾಗುವ ಮುಂಚಿನ ರಿಪೋರ್ಟ್ ಇರಬೇಕಲ್ವಾ? ಡಿಸ್ಚಾರ್ಜ್ ಫೈಲ್‌ನಲ್ಲಿ ನೋಡಿ.

ಕಾವ್ಯ_ತುಮಕೂರು
ಸಿಕ್ಕಿತು! ಈಗಿನದು: ಟೋಟಲ್ 1.6, ಡೈರೆಕ್ಟ್ 0.3. ಅಡ್ಮಿಟ್ ಆದ ದಿನದ್ದು: ಟೋಟಲ್ 2.6, ಡೈರೆಕ್ಟ್ 0.4, ಎಸ್‌ಜಿಪಿಟಿ 31. ಅಯ್ಯೋ, ಬಿಲಿರುಬಿನ್ ಆಗಲೇ ಜಾಸ್ತಿ ಇತ್ತು. ಹಾಗಾದ್ರೆ ಮಾವ ಹೇಳಿದ್ದೇ ಸರಿನಾ?

ಸ್ಯಾಂಪಲ್_ಟ್ಯೂಬ್
ಅಲ್ಲ. ನೀವೇ ಕೊಟ್ಟ ಅಂಕಿಗಳನ್ನು ನೋಡಿ. ಬಿಲಿರುಬಿನ್ ಮಾತ್ರೆಗೆ ಮುಂಚೆ ಜಾಸ್ತಿ ಇತ್ತು, ಈಗ ಇಳಿದಿದೆ. ಎಸ್‌ಜಿಪಿಟಿ ಮಾತ್ರೆಗೆ ಮುಂಚೆ ನಾರ್ಮಲ್ ಇತ್ತು, ಈಗ ಏರಿದೆ. ಎರಡೂ ಒಂದೇ ಕಾರಣಕ್ಕೆ ಆಗಿದ್ದರೆ ಒಟ್ಟಿಗೆ ಏರಬೇಕಿತ್ತು. ಇಲ್ಲಿ ಎರಡು ಬೇರೆ ಬೇರೆ ಕತೆ ನಡೀತಿದೆ.

ಬಿಲಿರುಬಿನ್‌ನಲ್ಲಿ ಡೈರೆಕ್ಟ್ ಕಡಿಮೆ, ಇನ್‌ಡೈರೆಕ್ಟ್ (ಇನ್ನೂ ತಯಾರಾಗದ ಭಾಗ) ಜಾಸ್ತಿ, ಮಾತ್ರೆಗೆ ಮುಂಚೆ ಎಸ್‌ಜಿಪಿಟಿ ನಾರ್ಮಲ್. ಇದನ್ನು ನಾವು ದಿನಾ ನೋಡ್ತೀವಿ, ಗಿಲ್ಬರ್ಟ್ ಸಿಂಡ್ರೋಮ್ ಇರಬಹುದು. ನೂರಕ್ಕೆ ಐದಾರು ಜನರಲ್ಲಿ ಇರುತ್ತೆ, ಹುಟ್ಟಿನಿಂದ ಬಂದದ್ದು, ರೋಗ ಅಂತ ಕರೆಯುವಷ್ಟೂ ಇಲ್ಲ. ಬಿಲಿರುಬಿನ್ ಅನ್ನು ಹೊರಹಾಕಲು ತಯಾರು ಮಾಡುವ ಕಿಣ್ವ ಅವರಲ್ಲಿ ಸ್ವಲ್ಪ ನಿಧಾನ. ಅಂಥವರು ಊಟ ಬಿಟ್ಟರೆ ಬಿಲಿರುಬಿನ್ ಎರಡು ಮೂರು ಪಟ್ಟು ಏರುತ್ತೆ. ಹಿಂದೆಲ್ಲ ಬೇಕಂತಲೇ ಉಪವಾಸ ಹಾಕಿಸಿ ಇದನ್ನು ಪರೀಕ್ಷೆ ಮಾಡ್ತಿದ್ದರು. ನಿಮ್ಮ ತಮ್ಮ ಅಡ್ಮಿಟ್ ಆಗುವ ಮುಂಚೆ ಊಟ ಬಿಟ್ಟಿದ್ದ ಅಂತ ನೀವೇ ಬರೆದಿದ್ದೀರಿ. ಆದರೂ ರಕ್ತಕಣ ಒಡೆದು ಬಿಲಿರುಬಿನ್ ಏರಿಸುವ ತೊಂದರೆ ಇಲ್ಲ ಅಂತ ಡಾಕ್ಟರ್ ಒಮ್ಮೆ ನೋಡಿಬಿಡಲಿ.

ಅಂಕಿಅಂಶ_ಅಣ್ಣ
ಸರಿಯಾಗಿ ಹಿಡಿದಿರಿ ಗುರು. ಕಾಯಿಲೆಯಿಂದ ಊಟ ಬಿಟ್ಟ, ಊಟ ಬಿಟ್ಟದ್ದರಿಂದ ಬಿಲಿರುಬಿನ್ ಏರಿತು. ವಾಟ್ಸಾಪ್ ಮೆಸೇಜಿನಲ್ಲಿ ಈ ಬಾಣ ಉಲ್ಟಾ ತಿರುಗಿಬಿಡುತ್ತದೆ.

ನಾಟಿಮದ್ದು_ನಂಜುಂಡ
ಎಲ್ಲ ಗೊತ್ತಿರೋ ಹಾಗೆ ಮಾತಾಡ್ತೀರಲ್ಲ. ಚರಕ ಸಂಹಿತೆಯಲ್ಲಿ ಉನ್ಮಾದ ಐದು ಬಗೆ, ಅದರಲ್ಲಿ ಪಿತ್ತದಿಂದ ಬರುವುದೂ ಒಂದು. ನಮ್ಮವರು ಯಾವತ್ತೋ ಹೇಳಿದ್ದನ್ನು ಈಗ ವಿಜ್ಞಾನಿಗಳು ಕಂಡುಹಿಡಿದರಂತೆ. ಆ ಹುಡುಗನಿಗೆ ನೆಲನೆಲ್ಲಿ ರಸ, ಅಮೃತಬಳ್ಳಿ ಕಷಾಯ ಕೊಡಿ ಮೇಡಂ, ಎಸ್‌ಜಿಪಿಟಿ ಇಳಿಯದಿದ್ದರೆ ಕೇಳಿ.

ಪಿಜಿ_ಹಾಸ್ಟೆಲ್_ಮೂರನೇ_ಮಹಡಿ
ಸೈಕಿಯಾಟ್ರಿ ಪಿಜಿ ಮಾಡ್ತಾ ಇದ್ದೀನಿ. ಡ್ಯೂಟಿ ಮಧ್ಯೆ ಬರೀತಿದ್ದೀನಿ, ತಪ್ಪು ಅಕ್ಷರ ಕ್ಷಮಿಸಿ.

ನಂಜುಂಡ ಅವರೇ, ಚರಕರು ಹೇಳಿದ ಪಿತ್ತವೂ ಲ್ಯಾಬಿನ ಬಿಲಿರುಬಿನ್ನೂ ಒಂದೇ ಅಲ್ಲ, ಅದು ಅವರ ಕಾಲದ ಬೇರೆಯೇ ಲೆಕ್ಕಾಚಾರ. ಆದರೆ ಕಾವ್ಯ ಅವರ ಮಾವನ ಮೆಸೇಜು ಪೂರ್ತಿ ಗಾಳಿ ಸುದ್ದಿಯೂ ಅಲ್ಲ. ಬಿಲಿರುಬಿನ್ ಮತ್ತು ಸ್ಕಿಜೋಫ್ರೇನಿಯಾ (ದೀರ್ಘಕಾಲದ ಸೈಕೋಸಿಸ್ ಕಾಯಿಲೆ) ಬಗ್ಗೆ ನಿಜವಾಗಿಯೂ ಸಂಶೋಧನೆ ನಡೆದಿದೆ. 2000ದ ಆಸುಪಾಸಿನಲ್ಲಿ ಜಪಾನಿನ ಶಿಮಾನೆಯ ಒಂದು ತಂಡ ಸ್ಕಿಜೋಫ್ರೇನಿಯಾ ಇರುವವರಲ್ಲಿ ಗಿಲ್ಬರ್ಟ್ ತರಹದ ಏರಿಕೆ ಹೆಚ್ಚು ಕಾಣುತ್ತದೆ ಅಂತ ಬರೆಯಿತು. ಆಮೇಲೆ ಗನ್ ಇಲಿಗಳ ಮೇಲೆ ಕೆಲಸ ಮಾಡಿದರು. ಇವು ಹುಟ್ಟಿನಿಂದಲೇ ಬಿಲಿರುಬಿನ್ ಹೊರಹಾಕಲಾಗದ ಇಲಿಗಳು. ನಡವಳಿಕೆಯಲ್ಲಿ ಒಂದಷ್ಟು ಹೋಲಿಕೆ ಕಂಡಿತು. ಹುಟ್ಟಿದ ಮಗುವಿಗೆ ಕಾಮಾಲೆ ತೀರಾ ಜಾಸ್ತಿಯಾದರೆ ಮಿದುಳಿಗೆ ಹಾನಿ ಆಗುತ್ತದೆ ಅಂತ ಎಲ್ಲರಿಗೂ ಗೊತ್ತು. ಹಾಗಾಗಿ ಈ ಊಹೆಗೆ ಬುಡವೇ ಇಲ್ಲ ಅನ್ನೋ ಹಾಗಿಲ್ಲ.

ಈಗ ಇನ್ನೊಂದು ಮುಖ. ಅಮೆರಿಕದಲ್ಲಿ ಹಳೇ ರೋಗಿಗಳನ್ನು ನೋಡಿದವರಿಗೆ ಬಿಲಿರುಬಿನ್, ಆಲ್ಬುಮಿನ್, ಯೂರಿಕ್ ಆಸಿಡ್ ಎಲ್ಲವೂ ಆರೋಗ್ಯವಂತರಿಗಿಂತ ಕಡಿಮೆ ಸಿಕ್ಕವು. ಬಿಲಿರುಬಿನ್ ಹಿತಮಿತವಾಗಿದ್ದರೆ ಆಂಟಿ ಆಕ್ಸಿಡೆಂಟ್, ಅದು ಕಡಿಮೆಯಾದರೆ ಮಿದುಳಿಗೆ ರಕ್ಷಣೆ ಕಡಿಮೆ ಅಂತ ಅವರ ವಾದ. ಒಬ್ಬರು ಜಾಸ್ತಿ ಅಂತಾರೆ, ಇನ್ನೊಬ್ಬರು ಕಡಿಮೆ ಅಂತಾರೆ. ವಾರ್ಡಿನಲ್ಲಿ ಕೂತು ಯಾರ ಬಿಲಿರುಬಿನ್ ನೋಡಿಯೂ ನಾನು ಸೈಕೋಸಿಸ್ ಇದೆ, ಇಲ್ಲ ಅಂತ ಹೇಳಲಾರೆ. ಯಾರೂ ಹೇಳಲಾರರು.

ಅಂಕಿಅಂಶ_ಅಣ್ಣ
ಸಿಗರೇಟ್ ಸೇದುವವರಲ್ಲಿ ಬಿಲಿರುಬಿನ್ ಕಡಿಮೆ ಇರುತ್ತೆ ಅಲ್ವಾ? ಹಳೇ ರೋಗಿಗಳಲ್ಲಿ ಸೇದುವವರು ಜಾಸ್ತಿ. ಅಡ್ಮಿಟ್ ಆಗುವ ಹೊತ್ತಿಗೆ ಊಟ ಇಲ್ಲದೆ ಬಂದವರಲ್ಲಿ ಹೆಚ್ಚು. ಇವೆರಡನ್ನು ಲೆಕ್ಕದಿಂದ ತೆಗೆದರೆ ಏನು ಉಳಿಯುತ್ತೆ ಅಂತ ನನಗೆ ಗುಮಾನಿ.

ಪಿಜಿ_ಹಾಸ್ಟೆಲ್_ಮೂರನೇ_ಮಹಡಿ
ಕೆಲವರು ಸೇದುವುದನ್ನು ಲೆಕ್ಕಕ್ಕೆ ತಗೊಂಡಿದ್ದಾರೆ, ಎಲ್ಲರೂ ಅಲ್ಲ. ನಿಮ್ಮ ಗುಮಾನಿ ನ್ಯಾಯವಾದದ್ದೇ.

ಹುಬ್ಬಳ್ಳಿ_ಗಿರ್ಮಿಟ್
ಎಲ್ಲಾರೂ ಬಿಲಿರುಬಿನ್ ಹಿಡಕೊಂಡು ಜಗ್ಗಾಡಾಕತ್ತೀರಿ. ಕುಡಿಯೋ ಮಂದಿ ವಿಷಯ ಯಾರೂ ತೆಗೀಲಿಲ್ಲಲ್ಲ? ನಮ್ಮ ಓಣ್ಯಾಗ ಒಬ್ಬರು ಜ್ವರ ಬಂದು ಮಲಗಿದರು, ಕುಡಿಯೋದು ನಿಂತಿತು. ಮೂರನೇ ದಿನಕ್ಕೆ ಗೋಡೆ ಮ್ಯಾಲೆ ಹುಳ ಹರಿದಾಡ್ತಾವ ಅಂತ ಬಡಿಯಾಕ ಶುರು ಮಾಡಿದರು. ಮನಿಯವರು ದೆವ್ವ ಅಂದರು.

ಪಿಜಿ_ಹಾಸ್ಟೆಲ್_ಮೂರನೇ_ಮಹಡಿ
ಅದು ಮದ್ಯ ಥಟ್ಟನೆ ನಿಂತಾಗ ಬರುವ ಡೆಲಿರಿಯಂ, ಅಂದರೆ ಬುದ್ಧಿ ಗಲಿಬಿಲಿಯಾಗುವ ಸ್ಥಿತಿ. ಪ್ರಾಣಕ್ಕೆ ಅಪಾಯ, ನೇರ ಆಸ್ಪತ್ರೆಗೆ ಹೋಗಬೇಕು. ಅಲ್ಲಿ ರಕ್ತದ ರಿಪೋರ್ಟ್ ಸುಳಿವು ಕೊಡುತ್ತದೆ: ಜಿಜಿಟಿ ಅನ್ನೋ ಇನ್ನೊಂದು ಲಿವರ್ ಎಂಜೈಮ್ ಏರಿರುತ್ತದೆ, ಎಸ್‌ಜಿಒಟಿ ಎಸ್‌ಜಿಪಿಟಿಯ ಎರಡು ಪಟ್ಟಿನ ಹತ್ತಿರ ಇರುತ್ತದೆ. ಕಾವ್ಯ ಅವರ ತಮ್ಮನದು ತದ್ವಿರುದ್ಧ, ಎಸ್‌ಜಿಪಿಟಿಯೇ ಮೇಲಿದೆ. ಅದು ಕೊಬ್ಬಿನ ಕಡೆಗೋ ಮಾತ್ರೆಯ ಕಡೆಗೋ ಬೆರಳು ತೋರಿಸುತ್ತದೆ.

ಲಿವರ್ ಪೂರ್ತಿ ಸೋತಾಗಲೂ ಮನಸ್ಸು ಕೆಡುತ್ತದೆ, ಅಮೋನಿಯಾ ಮಿದುಳಿಗೆ ಏರಿ. ಆದರೆ ಅದರ ರೂಪವೇ ಬೇರೆ. ಹಗಲು ನಿದ್ದೆ, ರಾತ್ರಿ ಎಚ್ಚರ, ಇವತ್ತು ಯಾವ ವಾರ ಅಂತ ಗೊತ್ತಾಗಲ್ಲ, ಕೈ ಚಾಚಿಸಿದರೆ ಅಂಗೈ ಪಟಪಟ ಅದುರುತ್ತದೆ. ಸೈಕೋಸಿಸ್ ಇರುವವನಿಗೆ ಸಾಮಾನ್ಯವಾಗಿ ವಾರ, ಜಾಗ, ಜನ ಎಲ್ಲ ಗೊತ್ತಿರುತ್ತೆ. ವಾಲ್‌ಪ್ರೊಯೇಟ್ (ಮೂಡ್ ಏರಿಳಿತಕ್ಕೆ, ಮೂರ್ಛೆಗೆ ಕೊಡುವ ಮಾತ್ರೆ) ತಗೊಳ್ಳುವವರ ಮನೆಯವರು ಒಂದು ತಿಳ್ಕೊಳ್ಳಿ: ಎಸ್‌ಜಿಪಿಟಿ ನಾರ್ಮಲ್ ಇದ್ದರೂ ಅಮೋನಿಯಾ ಏರಬಹುದು. ರೋಗಿ ಥಟ್ಟನೆ ಮಂಕಾದರೆ, ತೂಕಡಿಸಿದರೆ, ಕಾಯಿಲೆಯೇ ಹೆಚ್ಚಾಯ್ತು ಅಂದುಕೊಂಡು ಸುಮ್ನೆ ಕೂರಬೇಡಿ.

ಬಳ್ಳಾರಿ_ಅಕ್ಕ
ಇಷ್ಟು ಹೊತ್ತಾದರೂ ವಿಲ್ಸನ್ ಕಾಯಿಲೆಯ ಹೆಸರು ಯಾರೂ ಎತ್ತಲಿಲ್ಲ, ಅದಕ್ಕೆ ಬರೀತಿದ್ದೀನಿ.

ನನ್ನ ತಮ್ಮನಿಗೂ ಹೀಗೇ ಶುರುವಾಗಿದ್ದು, ಹತ್ತೊಂಬತ್ತನೇ ವಯಸ್ಸಿಗೆ. ಅನುಮಾನ, ಸಿಟ್ಟು, ಒಬ್ಬನೇ ನಗೋದು. ಊರಿನ ಹತ್ತಿರದ ಆಸ್ಪತ್ರೆಯಲ್ಲಿ ಮನೋರೋಗ ಅಂತ ಮಾತ್ರೆ ಕೊಟ್ಟರು. ಕೊಟ್ಟಷ್ಟೂ ಬಿಗಿಯಾದ. ಬಾಯಿಂದ ಜೊಲ್ಲು, ತೊದಲು ಮಾತು. ಅಕ್ಷರ ಮುತ್ತಿನ ಹಾಗಿತ್ತು ಅವನದು, ಒಂದು ಸಾಲು ಬರೆಯೋ ಹೊತ್ತಿಗೆ ಇರುವೆ ಸಾಲಿನಷ್ಟು ಸಣ್ಣದಾಗ್ತಿತ್ತು. ಎಲ್ಲ ಮಾತ್ರೆಯ ಸೈಡ್ ಎಫೆಕ್ಟ್ ಅಂದರು. ಹಳೇ ರಿಪೋರ್ಟುಗಳಲ್ಲಿ ಲಿವರ್ ಎಂಜೈಮ್ ಸ್ವಲ್ಪ ಏರಿದ್ದು ಇತ್ತು, ಅದನ್ನೂ ಮಾತ್ರೆಯ ಲೆಕ್ಕಕ್ಕೇ ಹಾಕಿದರು. ಕಡೆಗೆ ಬೆಂಗಳೂರಿಗೆ ಕರೆದುಕೊಂಡು ಹೋದೆವು. ಅಲ್ಲಿ ಕಣ್ಣಿನ ಡಾಕ್ಟರ್ ಸ್ಲಿಟ್ ಲ್ಯಾಂಪ್‌ನಲ್ಲಿ ನೋಡಿ, ಕಪ್ಪುಗುಡ್ಡೆಯ ಅಂಚಿನಲ್ಲಿ ಕಂದು ಹಸಿರು ಬಳೆ ಇದೆ ಅಂದರು. ದೇಹದಲ್ಲಿ ತಾಮ್ರ ಕೂಡಿಕೊಂಡು ಲಿವರ್‌ಗೂ ಮಿದುಳಿಗೂ ಇಳಿದಿತ್ತು, ಅದೇ ವಿಲ್ಸನ್.

ಈಗ ತಾಮ್ರ ಕಮ್ಮಿ ಮಾಡೋ ಪೆನಿಸಿಲಮಿನ್, ಜಿಂಕ್ ನಡೀತಿದೆ. ಮಾತು ಪೂರ್ತಿ ಸರಿಹೋಗಿಲ್ಲ. ಮೊದಲೇ ಗೊತ್ತಾಗಿದ್ದರೆ ಅನ್ನೋ ಸಂಕಟ ಮನೆಯಲ್ಲಿ ಎಲ್ಲರಿಗೂ ಇದೆ. ಅಮ್ಮನನ್ನು ಅವರ ಸೋದರಮಾವನಿಗೇ ಕೊಟ್ಟಿದ್ದು. ನಮ್ಮ ಕಡೆ ಮಾಮೂಲು.

ಪಿಜಿ_ಹಾಸ್ಟೆಲ್_ಮೂರನೇ_ಮಹಡಿ
ಅಕ್ಕ, ಬರೆದಿದ್ದಕ್ಕೆ ಥ್ಯಾಂಕ್ಸ್. ಈ ಇಡೀ ಚರ್ಚೆಯಲ್ಲಿ ಕೆಲಸಕ್ಕೆ ಬರುವ ಕೊಂಡಿ ಇದೇ. ಬಿಲಿರುಬಿನ್ ವಾದ ಇನ್ನೂ ಸಂಶೋಧಕರದ್ದು, ವಿಲ್ಸನ್ ಮಾತ್ರ ಗಟ್ಟಿ ಸತ್ಯ, ಚಿಕಿತ್ಸೆಯೂ ಇದೆ. 1912ರಲ್ಲಿ ಕಿನಿಯರ್ ವಿಲ್ಸನ್ ವಿವರಿಸಿದ್ದು. ಎಟಿಪಿ7ಬಿ ಅನ್ನೋ ವಂಶವಾಹಿ ತಂದೆ ತಾಯಿ ಇಬ್ಬರಿಂದಲೂ ಕೆಟ್ಟದ್ದೇ ಬಂದರೆ ಲಿವರ್‌ಗೆ ತಾಮ್ರ ಹೊರಹಾಕೋಕೆ ಆಗಲ್ಲ. ಜಗತ್ತಿನಲ್ಲಿ ಸುಮಾರು 30,000 ಜನರಲ್ಲಿ ಒಬ್ಬರಿಗೆ ಅಂತ ಪುಸ್ತಕದ ಲೆಕ್ಕ. ಹತ್ತಿರದ ಸಂಬಂಧದಲ್ಲಿ ಮದುವೆ ನಡೆಯುವ ಕಡೆ ಸಾಧ್ಯತೆ ಹೆಚ್ಚು. ನಮ್ಮ ನಿಮ್ಹಾನ್ಸ್‌ನವರು ಮೂರು ದಶಕದಲ್ಲಿ ನೋಡಿದ 282 ರೋಗಿಗಳ ವಿವರವನ್ನು 2007ರಲ್ಲಿ ಪ್ರಕಟಿಸಿದ್ದಾರೆ.

ಒಡಹುಟ್ಟಿದವರಿಗೆ ನಾಲ್ಕರಲ್ಲಿ ಒಂದು ಪಾಲು ಸಾಧ್ಯತೆ. ನಿಮಗೂ ಟೆಸ್ಟ್ ಆಗಿದೆಯಾ?

ಬಳ್ಳಾರಿ_ಅಕ್ಕ
ಆಗಿದೆ, ನನಗಿಲ್ಲ. ತಂಗಿಗೆ ಇದೆ ಅಂತ ಗೊತ್ತಾಯಿತು. ಅವಳಿಗೆ ಏನೂ ತೊಂದರೆ ಇರಲಿಲ್ಲ, ಈಗಲೂ ಇಲ್ಲ. ಔಷಧಿ ತಗೊಂಡು ಕೆಲಸಕ್ಕೆ ಹೋಗ್ತಾಳೆ.

ಕಾವ್ಯ_ತುಮಕೂರು
ಓದಿ ಕೈಕಾಲು ತಣ್ಣಗಾಯಿತು. ನಮ್ಮಪ್ಪ ಅಮ್ಮನದು ಸಂಬಂಧದಲ್ಲಿ ಅಲ್ಲ. ತಮ್ಮನಿಗೆ ಕೈ ನಡುಕ ಇಲ್ಲ, ಮಾತು ಸರಿ ಇದೆ. ಆದರೂ ಆ ಟೆಸ್ಟ್ ಯಾವುದು?

ಸ್ಯಾಂಪಲ್_ಟ್ಯೂಬ್
ಸೆರುಲೋಪ್ಲಾಸ್ಮಿನ್ (ರಕ್ತದಲ್ಲಿ ತಾಮ್ರ ಹೊರುವ ಪ್ರೋಟೀನ್), ಮಾಮೂಲಿ ರಕ್ತ ಪರೀಕ್ಷೆ. 20ಕ್ಕಿಂತ ಕಡಿಮೆ ಬಂದರೆ ಅನುಮಾನ, 10ಕ್ಕಿಂತ ಕೆಳಗೆ ಹೋದರೆ ಬಲವಾದ ಅನುಮಾನ. ಆದರೆ ಬಸುರಿಯರಲ್ಲಿ, ಗರ್ಭನಿರೋಧಕ ಮಾತ್ರೆ ತಗೊಳ್ಳುವವರಲ್ಲಿ, ಸೋಂಕು ಇದ್ದಾಗ ಇದು ಏರುತ್ತೆ. ಆಗ ಕಾಯಿಲೆ ಇದ್ದರೂ ನಾರ್ಮಲ್ ಅಂತ ತೋರಿಸಬಹುದು. ಅದಕ್ಕೇ ಜೊತೆಗೆ 24 ಗಂಟೆ ಮೂತ್ರದ ತಾಮ್ರ ನೋಡ್ತಾರೆ, 100 ಮೈಕ್ರೋಗ್ರಾಂ ದಾಟಿದರೆ ಸುಳಿವು ಗಟ್ಟಿ.

ಆ ಮೂತ್ರ ಹಿಡಿಯೋದರಲ್ಲೇ ಅರ್ಧ ಜನ ಎಡವುತ್ತಾರೆ. ಬೆಳಿಗ್ಗೆ ಎದ್ದ ಮೊದಲನೆಯದನ್ನು ಚೆಲ್ಲಬೇಕು. ಅಲ್ಲಿಂದ ಮಾರನೇ ಬೆಳಿಗ್ಗೆಯ ಮೊದಲನೆಯದರವರೆಗೆ ಒಂದೂ ಬಿಡದೆ ಲ್ಯಾಬ್ ಕೊಟ್ಟ ಕ್ಯಾನಿಗೇ ಹಾಕಬೇಕು. ಮನೆಯ ಹಳೇ ಡಬ್ಬ, ಲೋಹದ ಪಾತ್ರೆ ಬೇಡ. ಒಬ್ಬರು ತಾಮ್ರದ ಚೊಂಬಿನಲ್ಲಿ ಹಿಡಿದು ಕ್ಯಾನಿಗೆ ಸುರಿದು ತಂದಿದ್ದರು. ಏನು ಹೇಳಲಿ.

ಮಂಗಳೂರು_ಮಳೆ
ಮಾರಾಯ್ರೆ, ಹಾಗಾದ್ರೆ ತಾಮ್ರದ ಚೊಂಬಿನಲ್ಲಿ ರಾತ್ರಿ ನೀರಿಟ್ಟು ಬೆಳಿಗ್ಗೆ ಕುಡಿಯುವವರೆಲ್ಲ ಏನು ಮಾಡುವುದು? ನಮ್ಮ ಮನೆಯಲ್ಲಿ ಮೂರು ತಲೆಮಾರಿನಿಂದ ಅದೇ.

ಬಳ್ಳಾರಿ_ಅಕ್ಕ
ಆರೋಗ್ಯವಾಗಿರುವವರ ಲಿವರ್ ಹೆಚ್ಚಾದದ್ದನ್ನು ಹೊರಗೆ ಹಾಕುತ್ತೆ. ಚೊಂಬಿನ ನೀರು ಕುಡಿದು ವಿಲ್ಸನ್ ಬರೋದಿಲ್ಲ. ಇದ್ದವರಿಗೆ ಮಾತ್ರ ಬೇಡ. ನಾವು ಹಂಡೆ, ಬಿಂದಿಗೆ ಎಲ್ಲ ಅಟ್ಟಕ್ಕೆ ಹಾಕಿದ್ದೀವಿ. ಗೋಡಂಬಿ, ಚಾಕೊಲೇಟ್, ಅಣಬೆ, ಏಡಿ, ಕುರಿಯ ಲಿವರ್ ಎಲ್ಲ ಬಂದ್. ತಮ್ಮನಿಗೆ ಗೋಡಂಬಿ ಬಿಟ್ಟಿದ್ದೇ ದೊಡ್ಡ ದುಃಖ.

ಮಂಗಳೂರು_ಮಳೆ
ಏಡಿ ಬಿಡುವುದಾ! ನಮ್ಮಲ್ಲಿ ಅದು ಮನೆ ಬಿಟ್ಟ ಹಾಗೆ 😅

ನಾಟಿಮದ್ದು_ನಂಜುಂಡ
ನನ್ನ ಕಷಾಯದ ವಿಷಯ ಎಲ್ಲರೂ ಜಾಣತನದಿಂದ ಬಿಟ್ಟುಬಿಟ್ಟಿರಿ.

ಫಾರ್ಮಸಿ_ಕೌಂಟರ್
ಬಿಟ್ಟಿಲ್ಲ. 2021ರಲ್ಲಿ ಮುಂಬೈನ ಲಿವರ್ ತಜ್ಞರು ಅಮೃತಬಳ್ಳಿ ಕಷಾಯ ಕುಡಿದು ಲಿವರ್ ಊದಿಕೊಂಡ ರೋಗಿಗಳ ಬಗ್ಗೆ ವರದಿ ಮಾಡಿದರು. ಕೊರೋನಾ ಸಮಯದಲ್ಲಿ ಎಲ್ಲರೂ ಅದನ್ನೇ ಕುಡೀತಿದ್ದರಲ್ಲ. ಈಗಾಗಲೇ ಎಸ್‌ಜಿಪಿಟಿ 118 ಇರುವ ಹುಡುಗನಿಗೆ ಅದನ್ನು ಕೊಟ್ಟರೆ, ನಾಳೆ ಏರಿದ್ದು ಮಾತ್ರೆಯಿಂದಲೋ ಕಷಾಯದಿಂದಲೋ ಅಂತ ದೇವರಿಗೂ ಗೊತ್ತಾಗಲ್ಲ.

ನಾಟಿಮದ್ದು_ನಂಜುಂಡ
ಆ ವರದಿಯನ್ನು ಆಯುಷ್ ಸಚಿವಾಲಯ ಒಪ್ಪಲಿಲ್ಲ. ಅದನ್ನೂ ಹೇಳಿ. ಬೇರೆ ಗಿಡ ಬೆರೆತಿರಬಹುದು ಅಂದಿದ್ದಾರೆ.

ಫಾರ್ಮಸಿ_ಕೌಂಟರ್
ಒಪ್ಪಲಿಲ್ಲ, ಹೌದು. ಕುಡಿಯುವವನಿಗೆ ಯಾವ ಗಿಡ ಬೆರೆತಿದೆ ಅಂತ ಗೊತ್ತಿಲ್ಲದಿರುವುದೇ ನನ್ನ ತಕರಾರು.

ನಿರ್ವಾಹಕ
ಕಷಾಯದ ಜಗಳಕ್ಕೆ ಬೇರೆ ಥ್ರೆಡ್ ತೆರೆಯಿರಿ. ಇಲ್ಲಿ ಯಾರೂ ಡೋಸ್ ಬದಲಿಸುವ ಸಲಹೆ ಕೊಡಬೇಡಿ. ರಾತ್ರಿ ಹೊತ್ತು ತುರ್ತಾಗಿ ಯಾರ ಹತ್ತಿರವಾದರೂ ಮಾತಾಡಬೇಕು ಅನಿಸಿದರೆ ಟೆಲಿ ಮಾನಸ್ ಸಹಾಯವಾಣಿ 14416 ಇದೆ, ಕನ್ನಡದಲ್ಲೇ ಮಾತಾಡ್ತಾರೆ.

ಫಾರ್ಮಸಿ_ಕೌಂಟರ್
ಕಾವ್ಯ ಮೇಡಂ, ಒಂದು ಕೇಳೋದು ಮರೆತಿದ್ದೆ. ತಮ್ಮ ಸಿಗರೇಟ್ ಸೇದುತ್ತಿದ್ದನಾ? ಈಗ ಬಿಟ್ಟಿದ್ದಾನಾ? ತೂಕ ಎಷ್ಟು ಏರಿದೆ?

ಕಾವ್ಯ_ತುಮಕೂರು
ತುಂಬಾ ಸೇದುತ್ತಿದ್ದ, ಆಸ್ಪತ್ರೆಯಿಂದ ಬಂದ ಮೇಲೆ ಬಿಟ್ಟಿದ್ದಾನೆ. ನಾವು ಖುಷಿಯಲ್ಲಿದ್ದೆವು. ತೂಕ 11 ಕೆಜಿ ಏರಿದೆ. ರಾತ್ರಿ ಒಂದು ಗಂಟೆಗೆ ಅಡುಗೆಮನೆಯಲ್ಲಿ ಸದ್ದು, ಹೋಗಿ ನೋಡಿದರೆ ಚಕ್ಕುಲಿ ಡಬ್ಬ ಕಂಕುಳಲ್ಲಿ ಇಟ್ಟುಕೊಂಡು ಬ್ರೆಡ್ಡಿಗೆ ಸಕ್ಕರೆ ಹಾಕಿಕೊಂಡು ತಿಂತಿರ್ತಾನೆ. "ಅಕ್ಕ, ಹೊಟ್ಟೆ ತುಂಬಿದ್ದು ಗೊತ್ತೇ ಆಗಲ್ಲ" ಅಂತಾನೆ. ಬೆಳಿಗ್ಗೆ ಹತ್ತಾದರೂ ಏಳಲ್ಲ.

ಫಾರ್ಮಸಿ_ಕೌಂಟರ್
ಇದನ್ನು ಡಾಕ್ಟರಿಗೆ ತಪ್ಪದೆ ಹೇಳಿ. ಸಿಗರೇಟಿನ ಹೊಗೆ ಲಿವರ್‌ನಲ್ಲಿ ಒಂದು ಕಿಣ್ವವನ್ನು ಚುರುಕು ಮಾಡುತ್ತೆ, ಅದು ಒಲಾನ್ಜಪಿನ್ ಅನ್ನು ಬೇಗ ಕರಗಿಸುತ್ತೆ. ಸೇದೋದು ಬಿಟ್ಟರೆ ಅದೇ 15 ಎಂಜಿಯಲ್ಲಿ ರಕ್ತದಲ್ಲಿ ಔಷಧಿಯ ಮಟ್ಟ ಏರುತ್ತೆ. ಕ್ಲೋಜಪಿನ್ ಅನ್ನೋ ಇದೇ ಬಗೆಯ ಮಾತ್ರೆಗೂ ಇದೇ ಕತೆ, ಇನ್ನೂ ಜೋರು. ನಿಕೋಟಿನ್ ಅಲ್ಲ ಮತ್ತೆ, ಹೊಗೆಯಲ್ಲಿರುವ ಬೇರೆ ವಸ್ತುಗಳ ಕೆಲಸ ಅದು. ಹಾಗಂತ ಪುನಃ ಸೇದಿಸಬೇಡಿ!

ಅಜ್ಜಂಪುರದವ
ನನ್ನ ಭಾವನೂ ಇದೇ ಮಾತ್ರೆ ತಗೊಳ್ತಾರೆ. ಅನ್ನ ಕಮ್ಮಿ ಮಾಡಿ ಮುದ್ದೆ ಕೊಟ್ಟೆವು, ಅವರು ಎರಡು ಮುದ್ದೆ ಜೊತೆಗೆ ಅನ್ನವನ್ನೂ ಬಾರಿಸಿದರು. ಕೆಲಸಕ್ಕೆ ಬಂದಿದ್ದು ಅಂದ್ರೆ ಬೇಕರಿ ತಿಂಡಿ ಮನೆಗೇ ತರದಿರೋದು, ಸಂಜೆ ಜೊತೆಗೆ ನಡೆಯೋದು. ಒಬ್ಬರನ್ನೇ ಹೋಗಿ ಅಂದ್ರೆ ಹೋಗಲ್ಲ.

ಕಾವ್ಯ_ತುಮಕೂರು
ಡಾಕ್ಟರ್ ಹತ್ತಿರ ಹೋಗಿ ಬಂದೆವು. ಸ್ಕ್ಯಾನ್‌ನಲ್ಲಿ ಮೊದಲ ಹಂತದ ಫ್ಯಾಟಿ ಲಿವರ್. ಸೆರುಲೋಪ್ಲಾಸ್ಮಿನ್ 29, ಕಣ್ಣಿನಲ್ಲಿ ಬಳೆ ಇಲ್ಲ, ವಿಲ್ಸನ್ ಇರಲಾರದು ಅಂದರು. ಹೆಪಟೈಟಿಸ್ ಬಿ, ಸಿ ಕೂಡ ನೋಡಿದರು, ಇಲ್ಲ. ಬಿಲಿರುಬಿನ್ ಗಿಲ್ಬರ್ಟ್ ಇರಬೇಕು, ತಲೆ ಕೆಡಿಸಿಕೊಳ್ಳಬೇಡಿ ಅಂದರು. ಸಿಗರೇಟ್ ವಿಷಯ ಹೇಳಿದ ತಕ್ಷಣ ಪೆನ್ ಕೆಳಗಿಟ್ಟು "ಯಾವಾಗ ಬಿಟ್ಟ?" ಅಂತ ಕೇಳಿದರು. ಡೋಸ್ 10ಕ್ಕೆ ಇಳಿಸಿದ್ದಾರೆ, ಒಂದು ತಿಂಗಳಿಗೆ ಮತ್ತೆ ಎಲ್‌ಎಫ್‌ಟಿ, ಶುಗರ್, ಕೊಲೆಸ್ಟ್ರಾಲ್. ಮಾವನನ್ನೂ ಕರೆದುಕೊಂಡು ಹೋಗಿದ್ದೆ. ಮಾತ್ರೆ ನಿಲ್ಲಿಸಿದರೆ ಮೊದಲಿನ ಸ್ಥಿತಿ ವಾಪಸ್ ಬರಬಹುದು ಅಂತ ಡಾಕ್ಟರ್ ಬಾಯಿಂದಲೇ ಕೇಳಿಸಿಕೊಂಡರು. ಒಪ್ಪಿದರೋ ಇಲ್ಲವೋ, ದಾರಿಯಲ್ಲಿ ಏನೂ ಮಾತಾಡಲಿಲ್ಲ.

ಹೊಸ_ಸದಸ್ಯ_77
ಒಲಾನ್ಜಪಿನ್ ಬದಲು ಅರಿಪಿಪ್ರಜೋಲ್ ಕೊಡಬಹುದಿತ್ತಲ್ಲ? ತೂಕ ಅಷ್ಟು ಏರಲ್ಲ.

ಪಿಜಿ_ಹಾಸ್ಟೆಲ್_ಮೂರನೇ_ಮಹಡಿ
ತೂಕ ಅಷ್ಟು ಏರಲ್ಲ, ನಿಜ. ಆದರೆ ಕೆಲಸ ಮಾಡುತ್ತಿರುವ ಮಾತ್ರೆಯನ್ನು ಮೊದಲ ವರ್ಷದಲ್ಲೇ ಬದಲಿಸುವುದಕ್ಕೆ ಅದರದೇ ಅಪಾಯ ಇದೆ. ಹುಡುಗನನ್ನು ನೋಡಿದವರು ತೀರ್ಮಾನಿಸಲಿ. ಕಾವ್ಯ ಅವರೇ, ಡೋಸ್ ಇಳಿಸಿದ್ದಾರೆ, ನಿದ್ದೆ ಮತ್ತು ಅನುಮಾನ ಎರಡರ ಮೇಲೂ ಕಣ್ಣಿಡಿ. ಸಿಮ್ ಬಚ್ಚಿಡುವಂಥದ್ದು ಸಣ್ಣದಾಗಿ ಕಂಡರೂ ತಿಂಗಳು ತುಂಬುವವರೆಗೆ ಕಾಯಬೇಡಿ, ಫೋನ್ ಮಾಡಿ.

ಸ್ಯಾಂಪಲ್_ಟ್ಯೂಬ್
ಮುಂದಿನ ಸಲ ಅದೇ ಲ್ಯಾಬ್‌ನಲ್ಲಿ ಮಾಡಿಸಿ, ಹೋಲಿಸೋಕೆ ಸುಲಭ. ಹಿಂದಿನ ದಿನ ಜಿಮ್, ಭಾರ ಎತ್ತೋದು ಬೇಡ, ಸ್ನಾಯುವಿನಿಂದಲೂ ಎಸ್‌ಜಿಒಟಿ ಏರುತ್ತೆ.

ನಾಟಿಮದ್ದು_ನಂಜುಂಡ
ಅಮೃತಬಳ್ಳಿಗೆ ಬೇರೆ ಥ್ರೆಡ್ ತೆರೆದಿದ್ದೀನಿ. ಫಾರ್ಮಸಿಯವರು ಧೈರ್ಯ ಇದ್ದರೆ ಬರಲಿ.

ಫಾರ್ಮಸಿ_ಕೌಂಟರ್
ಅಂಗಡಿ ಬಾಗಿಲು ಹಾಕಿ ಬರ್ತೀನಿ.